ಅರಸನಿಗೆ ಹೇಳಿದ ಮಾತು

ನಮ್ಮ ಪ್ರೆಸ್ಸಿನಲ್ಲಿ ಪ್ರತಿ ಬೈಬಲ್ ವಚನಕ್ಕೂ ತಲೆ, ಬಾಲ ಎಂದು ಎರಡು ಭಾಗ. ಎರಡನ್ನೂ ಕಡಿಯಬೇಕು. ಕೆಲಸಕ್ಕೆ ಸೇರಿದಾಗ ಯಜಮಾನರು ನನಗೆ ಮೊದಲು ಕಲಿಸಿದ್ದೇ ಇದನ್ನು.

ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸಭೆಯ, ಅಂದರೆ ಚರ್ಚಿನ, ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಿರುತ್ತಾರೆ. ಹೊರಗೆ ಹೋಗುವವರು ಒಬ್ಬೊಬ್ಬರಾಗಿ ಅದರೊಳಗೆ ಕೈ ಹಾಕಿ, ನೋಡದೆ, ಒಂದು ಕಾರ್ಡ್ ಎತ್ತಿಕೊಳ್ಳುತ್ತಾರೆ. ಅದರಲ್ಲಿ ಅಚ್ಚಾಗಿರುವ ಬೈಬಲ್ ವಚನವೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ವಾಗ್ದಾನ ಎಂಬುದು ನಂಬಿಕೆ. ಆ ಕಾರ್ಡುಗಳನ್ನು ಮಾಡುವವರು ನಾವು. ಕಾರ್ಡ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ವಯಸ್ಸಾದವರು ಕನ್ನಡಕ ಹುಡುಕದೆ ಓದಬೇಕೆಂದು ಅಕ್ಷರ ದಪ್ಪ. ಹಾಗಾಗಿ ಮೂರು ಸಾಲಿನಲ್ಲಿ ಎಲ್ಲವೂ ಮುಗಿಯಬೇಕು. ತಲೆಯೆಂದರೆ ಆ ಮಾತನ್ನು ಯಾರು ಯಾರಿಗೆ ಹೇಳಿದರು ಎಂಬುದು. ಬಾಲವೆಂದರೆ ಯಾವ ಷರತ್ತಿನ ಮೇಲೆ ಹೇಳಿದರು, ಆಮೇಲೇನಾಯಿತು ಎಂಬುದು. ನಡುವೆ ಉಳಿಯುವ ಮೆತ್ತನೆಯ ಭಾಗ ಕಾರ್ಡಿಗೆ. ಯಾವ ಊರಿನ ಹೆಸರೂ ಮನುಷ್ಯನ ಹೆಸರೂ ಉಳಿಯಬಾರದು. ಹೆಸರು ಉಳಿದರೆ ಕಾರ್ಡ್ ಆ ಹೆಸರಿನವನದೇ ಆಗಿಬಿಡುತ್ತದೆ, ಎತ್ತಿಕೊಂಡವರದಾಗುವುದಿಲ್ಲ ಎಂದು ಯಜಮಾನರ ವಾದ.

ನಾನು ಓದಿದ್ದು ಇತಿಹಾಸ. ಹಳೆಯ ಶಾಸನವಾಗಲಿ ಕಾಗದವಾಗಲಿ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು ಇದನ್ನು ಯಾರು, ಯಾರಿಗೆ, ಯಾಕೆ ಬರೆದರು ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಪ್ರೆಸ್ಸಿನಲ್ಲಿ ನನ್ನ ಕೆಲಸ ಆ ಮೂರಕ್ಕೂ ಉತ್ತರ ಸಿಗದ ಹಾಗೆ ನೋಡಿಕೊಳ್ಳುವುದು. ನನಗೆ ಜಗಳವಾಡಲು ಬರುವುದಿಲ್ಲ. ಮನಸ್ಸಿಗೆ ಬಂದದ್ದನ್ನು ಮನೆಗೆ ಹೋಗಿ ಡೈರಿಯಲ್ಲಿ ಬರೆದುಕೊಂಡರೆ ಹೊಟ್ಟೆ ಹಗುರ. ಒಂದೇ ಒಂದು ಸಲ ಬಾಯಿ ಬಿಟ್ಟಿದ್ದೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಒಂದು ಪತ್ರದ ಕೊನೆಯಲ್ಲಿ, ಕ್ರಿಸ್ತನ ಮಾತು ಸಾರಿ ಸೆರೆಯಲ್ಲಿದ್ದ ಅಪೊಸ್ತಲ ತನ್ನ ಶಿಷ್ಯನಿಗೆ ತಾನು ಬಿಟ್ಟುಬಂದ ಮೇಲಂಗಿಯನ್ನು ಬರುವಾಗ ತೆಗೆದುಕೊಂಡು ಬಾ ಎಂದು ಬರೆಯುತ್ತಾನೆ. ಇದನ್ನೂ ಕಾರ್ಡ್ ಮಾಡೋಣವೇ ಎಂದು ಕೇಳಿದೆ. ಯಜಮಾನರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ವರ್ಷವಿಡೀ ಜನ ಯಾರ ಅಂಗಿ ಹುಡುಕಿಕೊಂಡು ಅಲೀಬೇಕು?"

ಕಾಗದ ಕತ್ತರಿಸುವ ಯಂತ್ರದ ಹಿಂದಿನಿಂದ ನಗು ಕೇಳಿಸಿತು. ನಾನೂ ನಕ್ಕು ಸುಮ್ಮನಾದೆ.

ಆ ವರ್ಷ ದೊಡ್ಡಮ್ಮನ ಕೈಗೆ ಬಂದ ಕಾರ್ಡೂ ನಾನೇ ಪ್ರೂಫ್ ನೋಡಿದ್ದು. ಪ್ರಾರ್ಥನೆ ಕೇಳಿಸಿದೆ, ಕಣ್ಣೀರು ಕಂಡಿದೆ, ಗುಣಪಡಿಸುತ್ತೇನೆ ಎಂಬ ಅರ್ಥದ ಮೂರು ಸಾಲು. ತಪ್ಪಿಲ್ಲದೆ ಅಚ್ಚಾಗಿತ್ತು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುತ್ತಾಳೆ. ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಹಾಡುತ್ತಾಳೆ. ಒಂದು ಪಿನ್ನೂ ಬೀಳುವುದಿಲ್ಲ, ಒಂದು ಸ್ವರವೂ ಜಾರುವುದಿಲ್ಲ. ಸಭೆಯ ಗಾಯಕವೃಂದದಲ್ಲಿ ಮೇಲಿನ ಸಾಲು ಅವಳದು. ಎಷ್ಟೋ ಹಾಡುಗಳಲ್ಲಿ ಕೊನೆಯ ಎತ್ತರದ ಸ್ವರಕ್ಕೆ ಉಳಿದವರೆಲ್ಲ ಬಾಯಿ ತೆರೆದು ನಿಲ್ಲುತ್ತಾರೆ, ಹೋಗಿ ಮುಟ್ಟುವವಳು ಅವಳೊಬ್ಬಳು. ಅವಳ ಮಗ, ನಮ್ಮಣ್ಣ, ಬಸ್ ಡ್ರೈವರ್. ಅಮ್ಮ ಹಾಡುವಾಗ ಹಾರ್ನ್ ಹೊಡೆದರೂ ಕೇಳಿಸುವುದಿಲ್ಲ ಎಂದು ಅವನ ದೂರು.

ಅವಳ ಕುತ್ತಿಗೆಯ ಗಂಟು ನಮಗೆ ತಿಳಿದದ್ದು ಬಟ್ಟೆಯಿಂದ. ಬೇರೆಯವರಾದರೆ ಕಾಲರ್ ಬಿಗಿಯಾಯಿತು ಎಂದು ಗೊಣಗಿ ಕನ್ನಡಿ ನೋಡಿಕೊಳ್ಳುತ್ತಿದ್ದರು. ಅವಳು ದರ್ಜಿ. ಬಿಗಿಯಾದಾಗಲೆಲ್ಲ ಹೊಲಿಗೆ ಬಿಚ್ಚಿ, ಬಟ್ಟೆ ಸೇರಿಸಿ, ಗುಂಡಿ ಸರಿಸಿ ಹಾಕಿಕೊಂಡಿದ್ದಳು. ಅವಳ ರವಿಕೆಗಳನ್ನು ಇಸ್ತ್ರಿ ಮಾಡಲು ಕೂತಾಗ ಪ್ರತಿಯೊಂದರ ಕೊರಳಪಟ್ಟಿಯಲ್ಲೂ ಒಂದರ ಪಕ್ಕ ಒಂದು ಹಳೆಯ ಹೊಲಿಗೆಯ ತೂತುಗಳು ಕಂಡವು. ಅಣ್ಣನನ್ನು ಕರೆದು ತೋರಿಸಿದೆ. ಅವನು ಹೋಗಿ ಅಮ್ಮನ ಕುತ್ತಿಗೆ ಮುಟ್ಟಿ ನೋಡಿದ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕಿ ಅಳೆದು ಮಾತಾಡುವ ಹೆಂಗಸು. ಗಂಟಿನಿಂದ ಸೂಜಿಯಲ್ಲಿ ತೆಗೆದ ಜೀವಕೋಶಗಳು ನಂಬುವ ಹಾಗಿಲ್ಲ, ಇಡೀ ಥೈರಾಯ್ಡ್ ಗ್ರಂಥಿಯನ್ನೇ ತೆಗೆಯಬೇಕು, ತಡ ಮಾಡಿದರೆ ಕುತ್ತಿಗೆಯಾಚೆಗೆ ಹರಡುತ್ತದೆ, ಈಗಲೇ ಮಾಡಿದರೆ ಪೂರ್ತಿ ಗುಣವಾಗುವ ಸಂಭವ ಹೆಚ್ಚು ಎಂದರು. ಗ್ರಂಥಿಯ ಹಿಂದೆಯೇ ಧ್ವನಿಗೆ ಸಂಬಂಧಿಸಿದ ನೂಲಿನಂಥ ನರವೊಂದು ಹಾದುಹೋಗುತ್ತದೆ, ಅದನ್ನು ಉಳಿಸಲು ತಮ್ಮ ಕೈಲಾದದ್ದೆಲ್ಲ ಮಾಡುವೆವು, ಆದರೆ ಖಚಿತವಾಗಿ ಹೇಳಲಾಗದು ಎಂದೂ ಸೇರಿಸಿದರು. ದೊಡ್ಡಮ್ಮ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು. ಮನೆಗೆ ಬಂದು ಚೀಲವನ್ನು ಮೊಳೆಗೆ ಸಿಕ್ಕಿಸಿ, ಆಪರೇಷನ್ ಬೇಡ ಎಂದಳು.

"ಈ ವರ್ಷ ದೇವರು ನನಗೆ ಮಾತು ಕೊಟ್ಟಿದ್ದಾರೆ. ಗುಣ ಮಾಡ್ತೀನಿ ಅಂದಮೇಲೆ ಕತ್ತಿ ಯಾಕೆ? ನಾನು ಕತ್ತಿಗೆ ಕುತ್ತಿಗೆ ಕೊಟ್ರೆ ಅವರ ಮಾತು ನಂಬಲಿಲ್ಲ ಅಂತ ಆಗುತ್ತೆ."

ಕಾರ್ಡು ಅವಳ ಕನ್ನಡಿಯ ಮೂಲೆಯಲ್ಲಿ ಸಿಕ್ಕಿಸಿತ್ತು. ಅಣ್ಣ ಬೇಡಿಕೊಂಡ, ರೇಗಿದ, ಊಟ ಬಿಟ್ಟ. ಪಾಸ್ಟರು ಬಂದು ದೇವರು ವೈದ್ಯರ ಮೂಲಕವೂ ಕೆಲಸ ಮಾಡುತ್ತಾನೆ ಎಂದು ವಿವರಿಸಿದರು. ಅವರ ನಿಲುವಂಗಿಗೆ ಅಳತೆ ತೆಗೆಯುವವಳೇ ದೊಡ್ಡಮ್ಮ. ಕಳೆದ ಸಲಕ್ಕಿಂತ ಸೊಂಟ ಹೆಚ್ಚಾಗಿದೆಯಲ್ಲ ಎಂದು ಟೇಪು ಹಿಡಿದು ನಿಂತಳು. ಅವರು ಬಂದ ವಿಷಯ ಬಿಟ್ಟು ಹೊಟ್ಟೆ ಒಳಗೆಳೆದುಕೊಂಡು ಹೊರಟುಹೋದರು.

ದಿನ ಸರಿಯುತ್ತಿತ್ತು. ಆಸ್ಪತ್ರೆಯಿಂದ ಬಂದ ಕರೆಗಳಿಗೆ ಅಣ್ಣ ಏನೇನೋ ನೆವ ಹೇಳಿದ. ಒಂದು ಮಧ್ಯಾಹ್ನ ಬಸ್ ನಿಲ್ಲಿಸಿ, ಬಗಲಲ್ಲಿ ಒಂದು ದಪ್ಪ ಪುಸ್ತಕ ಅಮುಕಿಕೊಂಡು ಪ್ರೆಸ್ಸಿಗೆ ಬಂದ. ಅದು ತೀರಿಕೊಂಡ ದೊಡ್ಡಪ್ಪನ ಬೈಬಲ್.

ದೊಡ್ಡಪ್ಪ ಹುಟ್ಟಿ ಬೆಳೆದದ್ದು ಇನ್ನೊಂದು ಪಂಗಡದ ಚರ್ಚಿನಲ್ಲಿ. ಅವರ ಬೈಬಲ್ ನಮ್ಮದಕ್ಕಿಂತ ದಪ್ಪ. ಹೊರಗಿನವರಿಗೆ ಬೈಬಲ್ ಎಂದರೆ ಒಂದು ಪುಸ್ತಕ. ನಿಜಕ್ಕೂ ಅದು ಒಂದು ಕಪಾಟು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದ ಪುಸ್ತಕಗಳು ಅದರಲ್ಲಿ ಸಾಲಾಗಿ ನಿಂತಿವೆ. ಯಾವುದು ಕಪಾಟಿನ ಒಳಗೆ, ಯಾವುದು ಹೊರಗೆ ಎಂಬುದರಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಹಳೆಯ ಒಡಂಬಡಿಕೆಗೂ ಹೊಸದಕ್ಕೂ ನಡುವಿನ ಕಾಲದ ಕೆಲವು ಪುಸ್ತಕಗಳನ್ನು ದೊಡ್ಡಪ್ಪನ ಚರ್ಚು ದೇವರ ಮಾತೆಂದೇ ಓದುತ್ತದೆ. ನಮ್ಮ ಹಿರಿಯರು ಅವು ಓದಲು ಒಳ್ಳೆಯವು, ನಂಬಿಕೆಗೆ ಬುನಾದಿ ಮಾಡಿಕೊಳ್ಳುವಂಥವಲ್ಲ ಎಂದು ಬದಿಗಿಟ್ಟರು; ಆಮೇಲೆ ಅಚ್ಚು ಹಾಕುವವರು ಅವನ್ನು ಸೇರಿಸುವುದನ್ನೇ ಬಿಟ್ಟರು. ಅಂಥ ಒಂದು ಪುಸ್ತಕದಲ್ಲಿ ಅಣ್ಣನಿಗೆ ಬೇಕಾದದ್ದು ಸಿಕ್ಕಿತ್ತು. ವೈದ್ಯನನ್ನು ಗೌರವಿಸಬೇಕು, ಅವನನ್ನೂ ದೇವರೇ ಉಂಟುಮಾಡಿದ್ದು, ಮಣ್ಣಿನಿಂದ ಮದ್ದು ಹುಟ್ಟಿಸಿದವನೂ ದೇವರೇ, ಬುದ್ಧಿಯಿದ್ದವನು ಅದನ್ನು ತಳ್ಳಿಬಿಡುವುದಿಲ್ಲ ಎಂಬರ್ಥದ ಮಾತುಗಳು.

"ನೋಡು ಪ್ರೂಫು," ಎಂದ ಅಣ್ಣ. ನನ್ನನ್ನು ಅವನು ಕರೆಯುವುದು ಹಾಗೆಯೇ. "ಇದನ್ನ ಒಂದು ಕಾರ್ಡ್ ಮಾಡಿಕೊಡು. ಅಮ್ಮನಿಗೆ ಕಾರ್ಡ್ ಹೇಳಿದ್ರೇನೇ ತಲೆಗೆ ಹೋಗೋದು."

ದೊಡ್ಡಮ್ಮನ ಊಟದ ಮೇಜಿನ ಮೇಲೆ ಒಂದು ತಗಡಿನ ಡಬ್ಬಿಯಿದೆ. ಹಳೆಯ ವರ್ಷಗಳ ಕಾರ್ಡುಗಳೆಲ್ಲ ಅದರಲ್ಲಿ. ಭಾನುವಾರ ಊಟವಾದ ಮೇಲೆ ಅವಳು ಅದರಿಂದ ಒಂದನ್ನು ತೆಗೆದು ಓದಿ ಪ್ರಾರ್ಥನೆ ಮಾಡುತ್ತಾಳೆ. ಡಬ್ಬಿಯನ್ನು ಖಾಲಿ ಮಾಡಿ ಇದೊಂದೇ ಕಾರ್ಡನ್ನು ತುಂಬಿಸಿಟ್ಟರೆ ಯಾವುದನ್ನು ತೆಗೆದರೂ ವೈದ್ಯನೇ ಬರುತ್ತಾನೆ ಎಂದು ಅಣ್ಣನ ಲೆಕ್ಕಾಚಾರ. ಯಜಮಾನರಿಗೆ ಇದು ಬಹಳ ಹಿಡಿಸಿತು. ತಾವೇ ಕೂತು ತಲೆ ಬಾಲ ಕಡಿದರು. ಕೆಳಗೆ ಪುಸ್ತಕದ ಹೆಸರು ಹಾಕುವ ಜಾಗದಲ್ಲಿ ಒಂದು ಚಿಕ್ಕ ಹೂವು ಕೂರಿಸಿದರು. ಇದು ನಡೆಯುವ ಮಾತಲ್ಲ ಎಂದು ನನಗನ್ನಿಸುತ್ತಿತ್ತು. ಅಣ್ಣನ ಕಣ್ಣ ಕೆಳಗಿನ ಕಪ್ಪು ನೋಡಿ ಹೇಳಲಾಗಲಿಲ್ಲ. ಪ್ರೂಫ್ ನೋಡಿಕೊಟ್ಟೆ.

ಅವನು ಹೋದ ಮೇಲೆ ಮಾತ್ರ ನಾನು ಅಷ್ಟರವರೆಗೆ ಮಾಡದೇ ಇದ್ದ ಕೆಲಸ ಮಾಡಿದೆ. ನಮ್ಮದೇ ಬೈಬಲ್ ತೆಗೆದು ದೊಡ್ಡಮ್ಮನ ಕಾರ್ಡಿನ ವಚನ ಎಲ್ಲಿಯದೆಂದು ಹುಡುಕಿ, ಕಡಿದುಹಾಕಿದ ತಲೆಯಿಂದ ಕಡಿದುಹಾಕಿದ ಬಾಲದವರೆಗೆ ಓದಿದೆ. ಸುತ್ತ ಕಾಗದದ ದೂಳು ಹಾರಾಡುತ್ತಿತ್ತು, ಕತ್ತರಿಸುವ ಯಂತ್ರ ಧಡ್ ಧಡ್ ಎನ್ನುತ್ತಿತ್ತು. ಇನ್ನೊಮ್ಮೆ ಮೊದಲಿನಿಂದ ಓದಿದೆ.

ಭಾನುವಾರ ನಾನೂ ಊಟಕ್ಕೆ ಹೋದೆ. ತಟ್ಟೆ ತೆಗೆದಿಟ್ಟು ದೊಡ್ಡಮ್ಮ ಡಬ್ಬಿ ತೆರೆದಳು. ಕಣ್ಣು ಮುಚ್ಚಿ ಒಂದು ಕಾರ್ಡ್ ತೆಗೆದು ಓದಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ಇನ್ನೊಂದು ತೆಗೆದಳು. ಅದನ್ನೂ ಇಟ್ಟು ಮತ್ತೊಂದು ತೆಗೆದಳು. ಅಣ್ಣ ನೀರಿನ ಲೋಟದೊಳಗೆ ಮುಖ ಹುದುಗಿಸಿದ.

"ದೇವರು ಇವತ್ತು ಬಹಳ ಒತ್ತಿ ಹೇಳ್ತಿದ್ದಾರೆ," ಎಂದಳು ದೊಡ್ಡಮ್ಮ.

ಆಮೇಲೆ ಡಬ್ಬಿಯನ್ನು ಬೋರಲು ಹಾಕಿ, ಕಾರ್ಡುಗಳನ್ನೆಲ್ಲ ಇಸ್ಪೀಟೆಲೆಗಳಂತೆ ಹರಡಿದಳು. ತನ್ನ ಹಳೆಯ ಕಾರ್ಡುಗಳು ಎಲ್ಲಿ ಎಂದು ಕೇಳಿದಳು. ಅಣ್ಣ ಜೇಬಿನಿಂದ ರಬ್ಬರ್ ಸುತ್ತಿದ ಕಟ್ಟನ್ನು ತೆಗೆದು ಮುಂದಿಟ್ಟ. ಇದು ಯಾವ ಪುಸ್ತಕದ್ದು ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ದೊಡ್ಡಪ್ಪ ಮಲಗಿದಲ್ಲೇ ಆದಮೇಲೆ ಆ ದಪ್ಪ ಬೈಬಲಿನ ಅದೇ ಪುಟವನ್ನು ಎಷ್ಟು ಸಲ ಓದಿಸಿಕೊಂಡಿದ್ದರೆಂದರೆ ಅವಳಿಗೆ ಅದು ಬಾಯಿಪಾಠ. ಮೊದಲ ಕಾರ್ಡಿನಲ್ಲೇ ಹಿಡಿದುಬಿಟ್ಟಿದ್ದಳು. ಒಂದೇ ಮನೆಯಲ್ಲಿ ಎರಡು ಬೈಬಲ್ ಇಟ್ಟುಕೊಂಡು ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಕಪಾಟಿನಲ್ಲಿ ಏನಿದೆ ಎಂಬುದು ತಿಳಿದಿರುವುದಿಲ್ಲ ಎಂದುಕೊಂಡದ್ದು ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು.

ಅವಳಿಗೆ ಸಿಟ್ಟು ಬಂದಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ಅದು ಅವರ ಬೈಬಲ್. ಅವರು ಓದುವಾಗ ನಾನು ತಲೆ ಮೇಲೆ ಸೆರಗು ಹೊದ್ದು ಕೇಳ್ತಿದ್ದೆ. ಒಳ್ಳೆ ಮಾತೇ. ಆದ್ರೆ ನಾನು ನಿಂತಿರೋದು ನನ್ನ ಬೈಬಲಿನ ಮೇಲೆ. ಪ್ರಾಣದ ವಿಷಯ ಬಂದಾಗ ಇನ್ನೊಬ್ಬರ ನೆಲದ ಮೇಲೆ ನಿಲ್ಲು ಅಂದ್ರೆ ಹೇಗೆ ನಿಲ್ಲಲಿ?" ಎಂದು ಹೇಳಿ ನನ್ನ ಕಡೆ ತಿರುಗಿದಳು. "ಹೂವು ಚೆನ್ನಾಗಿದೆ. ನೀನೂ ಸೇರಿದ್ಯಾ?"

ಹೌದು ಎಂದೆ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾನು ತಟ್ಟೆ ತೊಳೆಯಲು ಎದ್ದುಹೋಗುತ್ತೇನೆ. ಅಂದು ಏಳಲಿಲ್ಲ. ದೊಡ್ಡಮ್ಮ, ನಿಮ್ಮ ಬೈಬಲನ್ನೇ ಕೊಡಿ, ನಿಮ್ಮ ಕಾರ್ಡಿನ ವಚನವನ್ನು ನಿಮ್ಮ ನೆಲದ ಮೇಲೆಯೇ ನಿಂತು ಓದೋಣ ಎಂದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಎದ್ದುಹೋಗಿ ಬೈಬಲ್ ತಂದು ನನ್ನ ಮುಂದಿಟ್ಟಳು.

ಇಡೀ ಅಧ್ಯಾಯ ಓದಿದೆ. ಒಬ್ಬ ಅರಸ ಕಾಯಿಲೆ ಬಿದ್ದಿದ್ದಾನೆ. ಮೈಮೇಲೆ ಒಂದು ಹುಣ್ಣು. ದೇವರ ಮಾತು ತರುವ ಪ್ರವಾದಿ ಬಂದು, ಮನೆಯ ವ್ಯವಸ್ಥೆ ಮಾಡಿಕೋ, ನೀನು ಉಳಿಯುವುದಿಲ್ಲ ಎಂದು ಹೇಳಿ ಹೊರಡುತ್ತಾನೆ. ಅರಸ ಯಾರಿಗೂ ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಾನೆ, ಬಿಕ್ಕಿಬಿಕ್ಕಿ ಅಳುತ್ತಾನೆ. ಪ್ರವಾದಿ ಇನ್ನೂ ನಡು ಅಂಗಳ ದಾಟಿಲ್ಲ, ದೇವರು ಅವನನ್ನು ತಡೆದು ಹಿಂದಕ್ಕೆ ಕಳಿಸುತ್ತಾನೆ. ಹೋಗಿ ನನ್ನ ಜನರ ನಾಯಕನಿಗೆ ಹೇಳು ಎನ್ನುತ್ತಾನೆ. ಇಷ್ಟು ತಲೆ. ಆಮೇಲೆ ದೊಡ್ಡಮ್ಮನ ಕಾರ್ಡಿನ ಮೂರು ಸಾಲು. ಆಮೇಲೆ ಬಾಲ: ಆ ಅರಸನಿಗೆ ಇನ್ನು ಹದಿನೈದು ವರ್ಷ ಆಯುಸ್ಸು, ಅವನ ಪಟ್ಟಣಕ್ಕೆ ಶತ್ರುವಿನಿಂದ ಬಿಡುಗಡೆ. ಅದಾದ ಮೇಲೆ ಪ್ರವಾದಿ ಅಲ್ಲಿದ್ದವರಿಗೆ ಅಂಜೂರದ ಹಣ್ಣುಗಳ ಉಂಡೆ ತರಲು ಹೇಳುತ್ತಾನೆ. ಅದನ್ನು ತಂದು ಹುಣ್ಣಿನ ಮೇಲೆ ಕಟ್ಟುತ್ತಾರೆ. ಅರಸ ಚೇತರಿಸಿಕೊಳ್ಳುತ್ತಾನೆ.

"ಗುಣಪಡಿಸ್ತೀನಿ ಅಂತ ದೇವರೇ ಹೇಳಿ ಆಗಿದೆ ದೊಡ್ಡಮ್ಮ," ಎಂದೆ. "ಆದರೂ ಮದ್ದು ಕಟ್ಟಿದ್ರು. ಮದ್ದು ಕಟ್ಟಿಸಿಕೊಂಡ್ರೆ ದೇವರನ್ನ ನಂಬಲಿಲ್ಲ ಅಂತ ಅರಸ ಅನ್ನಲಿಲ್ಲ. ಕಟ್ಟೋಕೆ ಹೇಳಿದ್ದೇ ಪ್ರವಾದಿ. ಅದಕ್ಕೆ ಕಾರ್ಡಿನಲ್ಲಿ ಜಾಗ ಇರಲಿಲ್ಲ, ನಮ್ಮ ಪ್ರೆಸ್ಸಿನಲ್ಲಿ ಕಡಿದುಹಾಕಿದ್ವಿ. ಅರಸನನ್ನೂ ಕಡಿದುಹಾಕಿದ್ವಿ."

ಅವಳು ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ತಾನೇ ಓದಿದಳು. ಹೊಲಿಗೆ ನೋಡುವಾಗಿನ ಗಮನ. ಓದಿ ಮುಗಿಸಿದವಳೇ ನನ್ನ ಮಾತಿನ ಬಿಚ್ಚಿದ ಅಂಚನ್ನು ಹಿಡಿದಳು. ಇದು ಅರಸನಿಗೆ ಹೇಳಿದ್ದಾದರೆ ಅವಳಿಗೆ ಏನು ಉಳಿಯಿತು? ಹದಿನೈದು ವರ್ಷ ಅವನಿಗೆ, ಪಟ್ಟಣ ಅವನಿಗೆ, ಗುಣವೂ ಅವನಿಗೆ. ಗಂಡ ಸತ್ತ ವರ್ಷ ಒಂದು ಕಾರ್ಡ್ ಹಿಡಿದುಕೊಂಡೇ ಬದುಕಿದ್ದಳು. ಅದೂ ಯಾರಿಗೋ ಹೇಳಿದ್ದೇ?

"ಹಾಗಾದ್ರೆ ಇಷ್ಟು ವರ್ಷ ನಾನು ಬೇರೆಯವರಿಗೆ ಬಂದ ಕಾಗದ ಓದಿಕೊಂಡು ಅತ್ತೆ, ಅಷ್ಟೇ ಅಲ್ವಾ?"

ಈ ಪ್ರಶ್ನೆಗೆ ನಾನು ಹೆದರಿಯೇ ಅಷ್ಟು ದಿನ ಡೈರಿಯಲ್ಲಿ ಬರೆದು ಮುಚ್ಚಿಡುತ್ತಿದ್ದೆ ಎಂದು ಆಗ ಹೊಳೆಯಿತು. ಉತ್ತರ ಗೊತ್ತಿಲ್ಲದೆ ಹೆದರಿದ್ದಲ್ಲ, ಹೇಳಿದರೆ ಅವಳ ಕೈಯಲ್ಲಿರುವುದನ್ನು ಕಸಿದುಕೊಂಡಂತೆ ಆದೀತೆಂದು. ಕಸಿದುಕೊಂಡಂತೆ ಆಗದು ಎಂಬ ಧೈರ್ಯ ಆ ಅಧ್ಯಾಯ ಓದಿದಾಗ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಲೋಟ ಕೆಳಗಿಟ್ಟ.

"ಅಮ್ಮ, ನಾನು ಕುಡಿದು ಬಂದ ದಿನ ನೀನೇ ಹೇಳಿದ್ದಲ್ವಾ?" ಎಂದ.

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಣ್ಣ ಗೆಳೆಯನ ಮದುವೆಯಿಂದ ತೂರಾಡುತ್ತ ಬಂದು, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಅಪೊಸ್ತಲನೇ ಬರೆದಿದ್ದಾನೆ ಎಂದು ವಾದಿಸಿದ್ದ. ಅದು ಪದೇಪದೇ ಹೊಟ್ಟೆನೋವು ಬರುತ್ತಿದ್ದ ಒಬ್ಬ ಶಿಷ್ಯನಿಗೆ ಬರೆದದ್ದು, ನಿನಗಲ್ಲ, ನಿನ್ನ ಹೊಟ್ಟೆ ಕಲ್ಲು ಹಾಕಿದರೂ ಅರಗಿಸುತ್ತದೆ ಎಂದು ದೊಡ್ಡಮ್ಮ ಪೊರಕೆ ಹಿಡಿದು ಉತ್ತರಿಸಿದ್ದಳು.

"ನನಗೆ ಬೇಕಾದ ವಚನ ಆ ಶಿಷ್ಯನದು, ನಿನಗೆ ಬೇಕಾದ್ದು ನಿನ್ನದು. ಇದ್ಯಾವ ನ್ಯಾಯ?" ಎಂದ ಅಣ್ಣ.

ದೊಡ್ಡಮ್ಮನ ತುಟಿ ಒಂದು ಕಡೆ ಸೊಟ್ಟಗಾಯಿತು. ನಗು ತಡೆಯುವಾಗ ಅವಳಿಗೆ ಹಾಗಾಗುತ್ತದೆ. ಬಾಯ್ಮುಚ್ಚು ಎಂದು ಅವನಿಗೆ ಹೇಳಿ ನನ್ನನ್ನೇ ನೋಡುತ್ತ ಕೂತಳು. ಅವಳಿಗೆ ಉತ್ತರ ಬೇಕಿದ್ದದ್ದು ನನ್ನಿಂದ.

ಬೇರೆಯವರಿಗೆ ಬಂದ ಕಾಗದವೇ ನಿಜ ಎಂದೆ. ಅಪೊಸ್ತಲ ಬರೆದ ಪತ್ರಗಳು ಒಂದೊಂದು ಊರಿನ ಸಭೆಗೆ ಹೋಗುತ್ತಿದ್ದವು. ಅಲ್ಲಿಯವರು ಓದಿ ಪಕ್ಕದ ಊರಿಗೆ ಕೊಡುತ್ತಿದ್ದರು. ಪಕ್ಕದ ಊರಿನವರಿಗೆ ಆ ಜಗಳಗಳೂ ಗೊತ್ತಿಲ್ಲ, ಅದರಲ್ಲಿ ಬೈಸಿಕೊಂಡವರೂ ಗೊತ್ತಿಲ್ಲ. ನಮಗಲ್ಲವಲ್ಲ ಎಂದು ಅವರು ಎಸೆಯಲಿಲ್ಲ, ಕೂತು ನಕಲು ಮಾಡಿಕೊಂಡರು. ಹಾಗೆ ಕೈಯಿಂದ ಕೈಗೆ ಹೋಗಿ, ಜನ ಓದಿ ಓದಿ, ಇದನ್ನು ಬಿಟ್ಟು ಬದುಕಲಾರೆವು ಅನ್ನಿಸಿದ್ದನ್ನು ಕಪಾಟಿನಲ್ಲಿಟ್ಟರು. ಇಡುವಾಗ ಮೇಲಿನ ವಿಳಾಸ ಅಳಿಸಿ ತಮ್ಮ ಊರಿನ ಹೆಸರು ಬರೆದುಕೊಳ್ಳಲಿಲ್ಲ. ಅರಸನ ಕಥೆಯಿಂದ ಅರಸನನ್ನು ತೆಗೆಯಲಿಲ್ಲ, ಮೇಲಂಗಿಯ ಮಾತನ್ನೂ ತೆಗೆಯಲಿಲ್ಲ. ದೊಡ್ಡಪ್ಪನವರ ಚರ್ಚಿಗೂ ನಮ್ಮದಕ್ಕೂ ಕಪಾಟು ಎಷ್ಟು ದೊಡ್ಡದು ಎಂಬುದರಲ್ಲಿ ವ್ಯತ್ಯಾಸ ಇರಬಹುದು. ಒಳಗಿಟ್ಟದ್ದರ ವಿಳಾಸ ಅಳಿಸಬಾರದು ಎಂಬುದರಲ್ಲಿ ಇಬ್ಬರೂ ಒಂದೇ.

ಅಷ್ಟು ಉದ್ದ ನಾನು ಯಾರೆದುರೂ ಮಾತಾಡಿದವಳಲ್ಲ.

"ಅವನಿಗೆ ಹೇಳಿದ್ದು ದೊಡ್ಡಮ್ಮ, ನಮಗಾಗಿ ಇಟ್ಟದ್ದು," ಎಂದೆ. "ಹದಿನೈದು ವರ್ಷ ಅವನದು. ನಿಮಗೆ ಎಷ್ಟು ಅಂತ ಇದರಲ್ಲಿ ಬರೆದಿಲ್ಲ. ಗೋಡೆ ಕಡೆ ತಿರುಗಿ ಅತ್ತರೂ ಕೇಳಿಸ್ಕೊಳ್ಳೋ ದೇವರು ಅಂತ ಬರೆದಿದೆ. ಆ ದೇವರು ಬದಲಾಗಿಲ್ಲ."

ಅವಳು ಮತ್ತೆ ಪುಸ್ತಕ ನೋಡಿದಳು. ಬೆರಳು ಇನ್ನೂ ಪುಟದ ಮೇಲಿತ್ತು. ಎಲ್ಲಿದೆ ಎಂದು ಬಗ್ಗಿ ನೋಡಿದೆ. ಗೋಡೆಯ ಸಾಲಿನ ಕೆಳಗಿತ್ತು.

"ಅರಸ ಯಾಕೆ ಗೋಡೆ ಕಡೆ ತಿರುಗಿದ ಗೊತ್ತಾ?" ಎಂದಳು ಕೊನೆಗೆ. "ಸುತ್ತ ಸೇವಕರು ಇದ್ರಲ್ಲ. ಅರಸ ಹೆದರಿದ ಅಂತ ಅವರಿಗೆ ಕಾಣಬಾರದು."

ಆಮೇಲೆ ನಿಧಾನವಾಗಿ, ಬಟ್ಟೆಯ ಅಂಚು ಮಡಿಸುವವಳ ಹಾಗೆ ಮೇಜಿನ ಮೇಲಿನ ಕಾರ್ಡುಗಳನ್ನು ಒಟ್ಟು ಮಾಡುತ್ತ, ಹೇಳಿದಳು. ಸಾವಿಗೆ ಅವಳಿಗೆ ಅಷ್ಟು ಹೆದರಿಕೆಯಿರಲಿಲ್ಲ. ಡಾಕ್ಟರು ನೂಲಿನಂಥ ನರ ಎಂದರಲ್ಲ, ನೂಲು ಎಷ್ಟು ಸುಲಭವಾಗಿ ತುಂಡಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕತ್ತರಿ ಒಂದು ಕೂದಲೆಳೆ ಆಚೆ ಸರಿದರೆ ಸಾಕು. ಹಾಡಲು ಬಾರದ ಮೇಲೆ ಭಾನುವಾರ ಅವಳು ಸಭೆಯ ಯಾವ ಬೆಂಚಿನಲ್ಲಿ ಕೂರಬೇಕು? ಅಲ್ಲಿ ಕೂತು ಕೈ ಎಲ್ಲಿಟ್ಟುಕೊಳ್ಳಬೇಕು? ಧ್ವನಿಗಾಗಿ ಪ್ರಾಣ ಬಿಡುತ್ತೇನೆಂದರೆ ನಾವು ನಗುತ್ತೇವೆ. ದೇವರ ಮಾತು ಎಂದರೆ ಯಾರೂ ಎದುರಾಡುವುದಿಲ್ಲ.

ಅಣ್ಣನ ಮುಖ ಕೆಂಪಾಗಿತ್ತು. ಅವನು ಎದ್ದು ಅಮ್ಮನ ಕುರ್ಚಿಯ ಹಿಂದೆ ನಿಂತು, ಅವಳ ಹೆಗಲ ಮೇಲೆ ಎರಡೂ ಕೈ ಇಟ್ಟ. ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ, ನಮ್ಮಿಂದ ಮುಖ ತಿರುಗಿಸಲೂ ಇಲ್ಲ. ಹಾಗೆಯೇ ಕೂತು, ಡಾಕ್ಟರಿಗೆ ನಾಳೆಯೇ ಫೋನ್ ಮಾಡು ಎಂದಳು.

ಆಪರೇಷನ್‌ಗೆ ಮುಂಚೆ ಇನ್ನೊಮ್ಮೆ ಶಸ್ತ್ರಚಿಕಿತ್ಸಕಿಯನ್ನು ಕಂಡೆವು. ದೊಡ್ಡಮ್ಮ ಮೇಜಿನ ಮೇಲೆ ಬಾಗಿ, ನರ ಯಾವ ಕಡೆಯಿಂದ ಬರುತ್ತದೆ, ಕೊಯ್ಯುವ ಮುಂಚೆ ಕಾಣುತ್ತದೆಯೋ ಕೈಗೆ ತಾಕುತ್ತದೆಯೋ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಹೊಲಿಯುವುದು ಯಾವ ದಾರದಲ್ಲಿ ಎಂದು ಕೇಳಿದಳು. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನಡುವೆ ಒಮ್ಮೆ ದೊಡ್ಡಮ್ಮ ಅವರ ಕೈಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿ, ಪರವಾಗಿಲ್ಲ ಎಂದು ತಲೆಯಾಡಿಸಿದಳು. ಅವರು ಮೊದಲ ಬಾರಿ ನಕ್ಕದ್ದನ್ನು ನಾನು ಕಂಡೆ.

ಆ ವಾರವೇ ಪ್ರೆಸ್ಸಿನಲ್ಲಿ ನಾನು ಯಜಮಾನರ ಎದುರು ನಿಂತು, ಕಾರ್ಡಿನ ಹಿಂಬದಿ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಯಾರಿಗೆ ಯಾವಾಗ ಹೇಳಿದ್ದು ಎಂದು ಹಾಕಬೇಕು ಎಂದೆ. ಹಾಕೋಣವೇ ಎಂದು ಕೇಳಲಿಲ್ಲ. ಅವರು ಕನ್ನಡಕ ಹಣೆಗೇರಿಸಿದರು, ಇಳಿಸಿದರು. ಒಂದು ವರ್ಷ ಮಾಡಿ ನೋಡುತ್ತೇನೆ, ಯಾರೂ ಕೊಳ್ಳದಿದ್ದರೆ ಅಷ್ಟನ್ನೂ ನಿನ್ನ ಮದುವೆಗೆ ಹಂಚುತ್ತೇನೆ ಎಂದರು. ಬರೆಯುವ ಕೆಲಸ ನನ್ನ ಮೇಲೇ ಬಿತ್ತು.

ಆಪರೇಷನ್ ದಿನ ಅಣ್ಣ ರಜೆ ಹಾಕಿದ. ಹಸಿರು ಬಣ್ಣ ಬಳಿದ ಉದ್ದನೆಯ ಓಣಿಯಲ್ಲಿ, ಕಾಲು ಅಲುಗುವ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅವನು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದ್ದ. ಶಸ್ತ್ರಚಿಕಿತ್ಸಕಿ ಹೊರಗೆ ಬಂದು, ಗಂಟು ಪೂರ್ತಿಯಾಗಿ ಬಂದಿದೆ, ಎಲ್ಲಿಗೂ ಹರಡಿರಲಿಲ್ಲ, ನರವನ್ನು ಕಣ್ಣಾರೆ ನೋಡಿ ಬಿಡಿಸಿದೆವು ಎಂದರು. ಧ್ವನಿಯ ವಿಷಯ ಮಾತಾಡಿಸಿಯೇ ನೋಡಬೇಕು.

ಮರುದಿನ ವಾರ್ಡಿನಲ್ಲಿ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ಏನಾದರೂ ಮಾತಾಡಿ, ಒಂದೇ ಮಾತು ಸಾಕು ಎಂದರು ಶಸ್ತ್ರಚಿಕಿತ್ಸಕಿ. ದೊಡ್ಡಮ್ಮ ನಮ್ಮನ್ನೆಲ್ಲ ಒಮ್ಮೆ ನೋಡಿ ಬಾಯಿ ತೆರೆದಳು. ಬಂದದ್ದು ದಪ್ಪ ಬಟ್ಟೆ ಹರಿದಂಥ ಒಂದು ಸದ್ದು. ಅವಳು ಉಗುಳು ನುಂಗಿ ಮತ್ತೆ ಪ್ರಯತ್ನಿಸಿದಳು.

"ಇದು ಯಾರ ಗಂಟಲು?"

ಕೆಳಗಿನ, ಒರಟು ಧ್ವನಿ. ಆದರೂ ಧ್ವನಿಯೇ. ಅಣ್ಣ ಕಿಟಕಿಯ ಕಡೆ ಹೋಗಿ ನಿಂತ. ಶಸ್ತ್ರಚಿಕಿತ್ಸಕಿ, ಊತ ಇಳಿಯಬೇಕು, ಮಾತು ಸರಿಹೋಗುತ್ತದೆ, ಆದರೆ ಎತ್ತರದ ಸ್ವರಗಳು ವಾಪಸ್ ಬರುತ್ತವೆಂದು ಮಾತು ಕೊಡಲಾರೆ ಎಂದರು.

"ಕೊಡಬೇಡಿ," ಎಂದಳು ದೊಡ್ಡಮ್ಮ. "ಗೊತ್ತಿಲ್ಲದ್ದಕ್ಕೆ ಮಾತು ಕೊಡದೇ ಇರೋದೇ ಒಳ್ಳೇದು."

ಅವರು ಮುಂದಿನ ಹಾಸಿಗೆಗೆ ಹೋದ ಮೇಲೆ ಅವಳು ಕಣ್ಣು ಮುಚ್ಚಿದಳು. ನಿದ್ದೆ ಬಂತೆಂದು ಚಾದರ ಎಳೆಯಲು ಬಗ್ಗಿದೆ. ನಿದ್ದೆಯಲ್ಲ. ಬಾಯಿ ಮುಚ್ಚಿಕೊಂಡೇ, ಎದೆಯೊಳಗಿಂದ, ಕತ್ತಲಲ್ಲಿ ಮೆಟ್ಟಿಲು ಇಳಿಯುವವಳ ಹಾಗೆ ಸ್ವರವೊಂದನ್ನು ತಡಕಾಡುತ್ತಿದ್ದಳು. ಮೇಲಿನದು ಸಿಗಲಿಲ್ಲ. ಇನ್ನೂ ಕೆಳಗಿಳಿದಳು. ಒಂದು ಕಡೆ ಕಾಲು ಊರಿತು. ಅದನ್ನೇ ಹಿಡಿದು ಸ್ವಲ್ಪ ಹೊತ್ತು ನಿಂತಳು. ನಡುಗುತ್ತಿದ್ದದ್ದು ಬರಬರುತ್ತ ನಿಂತುಹೋಯಿತು.

"ಕೆಳಗಿನ ಸಾಲಿಗೆ ಯಾವಾಗಲೂ ಜನ ಸಾಲದು," ಎಂದಳು ಕಣ್ಣು ತೆರೆಯದೆ. "ನಾನು ಅಲ್ಲಿ ನಿಂತ್ಕೋತೀನಿ."

"ಅದು ಗಂಡಸರ ಸಾಲು ಅಮ್ಮ. ಅಕ್ಕಪಕ್ಕ ಎಲ್ಲ ಮೀಸೆ," ಎಂದ ಅಣ್ಣ, ಕಿಟಕಿಯಿಂದ ತಿರುಗದೆ.

"ಇರಲಿ ಬಿಡು. ಹತ್ತಿರದಿಂದ ನೋಡಿದ್ರೆ ನನಗೂ ಸ್ವಲ್ಪ ಇದೆ."